ಬಾದಾಮಿಯ ಮರಳುಗಲ್ಲು
(ಶಾಲಾ ಪ್ರವಾಸಕ್ಕೆ ಮುನ್ನ ಮಾಡಿದ ಭಾಷಣ)



ಅಕ್ಕಲಕೋಟ ರಸ್ತೆಯ ಈ ಕೈಗಾರಿಕಾ ವಸಾಹತಿನಲ್ಲಿ ಬಾವಿ ತೋಡಲಿ, ಕಟ್ಟಡದ ಪಾಯ ಅಗೆಯಲಿ, ನಮಗೆ ಎದುರಾಗುವುದು ಕರಿಗಲ್ಲು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭೂಗರ್ಭದಿಂದ ಉಕ್ಕಿ ಹರಿದ ಶಿಲಾರಸವು ಆರಿ ಹೆಪ್ಪುಗಟ್ಟಿ ಈ ಕಲ್ಲಾಯಿತು. ಸೊಲ್ಲಾಪುರದಲ್ಲಿ ಗದಗಿನ ಗಾಡಿ ಹತ್ತಿ, ವಿಜಯಪುರವನ್ನು ಹಿಂದಿಕ್ಕಿ, ಕೃಷ್ಣೆಯನ್ನು ದಾಟಿ, ಬಾಗಲಕೋಟೆಯಿಂದ ಮುಂದೆ ಸಾಗಿದರೆ ನೆಲದ ಬಣ್ಣವೇ ಬೇರೆಯಾಗುತ್ತದೆ. ಕೆಂಪು ಬೆಟ್ಟಗಳು ತಲೆಯೆತ್ತುತ್ತವೆ. ನಾವು ನೋಡಲು ಹೊರಟಿರುವ ಮರಳುಗಲ್ಲು ಅದೇ.

ನಮ್ಮ ಕರಿಗಲ್ಲಿಗಿಂತ ಅದು ಬಹಳ ಹಳೆಯದು. ಚಿಪ್ಪುಳ್ಳ ಪ್ರಾಣಿಗಳು ಭೂಮಿಯ ಮೇಲೆ ಹುಟ್ಟುವುದಕ್ಕೂ ಮೊದಲಿನದಾದುದರಿಂದ ಅದರಲ್ಲಿ ಶಂಖವನ್ನೋ ಕಪ್ಪೆಚಿಪ್ಪನ್ನೋ ಅರಸುವುದು ವ್ಯರ್ಥ. ಅರಸಬೇಕಾದುದು ಗೆರೆಗಳನ್ನು. ಬಂಡೆಯ ಮಗ್ಗುಲಲ್ಲಿ ಮಟ್ಟಸವಾದ ಪದರಗಳ ನಡುವೆ ಓರೆಯಾದ ಸಣ್ಣ ಗೆರೆಗಳು ಕಾಣುತ್ತವೆ. ಹರಿಯುವ ನೀರು ಮರಳಿನ ದಿಬ್ಬವನ್ನು ಮುಂದೊತ್ತುವಾಗ ಕಣಗಳು ಅದರ ಇಳಿಜಾರಿನಲ್ಲಿ ಜಾರಿ ನಿಲ್ಲುತ್ತವೆ. ಗೆರೆ ಯಾವ ಕಡೆಗೆ ಇಳಿದಿದೆಯೋ ಆ ಕಡೆಗೆ ಹೊಳೆ ಹರಿದಿತ್ತೆಂದು ತಿಳಿಯಬೇಕು. ಹೆಸರೂ ಉಳಿಯದ ಹೊಳೆಯೊಂದರ ದಾರಿಯನ್ನು ಶಾಲೆಯ ಬಾಲಕನೂ ಹೇಳಬಲ್ಲನೆಂದರೆ ಅದೇನು ಸಣ್ಣ ಮಾತೇ? ಈ ಮರಳಿನ ಮೇಲಣ ಪದರಗಳಲ್ಲಿ ಜೇಡುಗಲ್ಲೂ ಸುಣ್ಣಕಲ್ಲೂ ದೊರೆಯುವುದರಿಂದ, ಮುಂದೆ ಆಳವಿಲ್ಲದ ಕಡಲು ಈ ತಗ್ಗಿನೊಳಕ್ಕೆ ನುಗ್ಗಿತೆಂದು ಭೂವಿಜ್ಞಾನಿಗಳು ಊಹಿಸುತ್ತಾರೆ. ಇಂದು ಕಡಲಿನಿಂದ ಅಷ್ಟು ದೂರವಿರುವ ಬಾದಾಮಿ ಒಂದು ಕಾಲಕ್ಕೆ ಕರಾವಳಿ! ಈ ಸೀಮೆಯ ಶಿಲೆಗಳನ್ನು ಕುರಿತು ರಾಬರ್ಟ್ ಬ್ರೂಸ್ ಫೂಟರು ಬರೆದ ಗ್ರಂಥವು 1876ರಲ್ಲಿ ಪ್ರಕಟವಾಯಿತು.

ಪದರಗಳು ಮಟ್ಟಸವಾಗಿ ಮಲಗಿದುದು ಚಾಲುಕ್ಯರ ಶಿಲ್ಪಿಗಳಿಗೆ ಅನುಕೂಲವಾಯಿತು. ಉಳಿಗೆ ಕಲ್ಲು ಮಣಿಯಿತು. ಮಂಗಳೇಶನು ಶಕ 500ರಲ್ಲಿ, ಎಂದರೆ ಕ್ರಿ.ಶ. 578ರಲ್ಲಿ, ಪೂರ್ಣಗೊಳಿಸಿದ ಮೂರನೆಯ ಗುಹಾಲಯದಲ್ಲಿ ಕಂಬಗಳ ಮೇಲೆ ಅಲೆಯಲೆಯಾಗಿ ಹರಿದಿರುವ ಬಣ್ಣದ ಪಟ್ಟೆಗಳನ್ನು ಕುಂಚದ ಕೆಲಸವೆಂದು ಭ್ರಮಿಸದಿರಿ. ಅವು ಕಲ್ಲಿನೊಳಗಿನ ಕಬ್ಬಿಣದ ಅಂಶವು ಬಿಡಿಸಿದ ಚಿತ್ರಗಳು.

ಕೆರೆಯ ಆಚೆಯ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನವಿದೆ. ಸುಮಾರು 700ರ ಕಾಲದ ಅದು ನಮ್ಮ ತ್ರಿಪದಿಗೆ ಅತಿ ಪ್ರಾಚೀನವಾದ ಆಧಾರಗಳಲ್ಲೊಂದು. ಮಹಾರಾಷ್ಟ್ರದಲ್ಲಿದ್ದು ಕನ್ನಡದಲ್ಲಿ ಓದುವ ನಮಗೆ ಆ ಬಂಡೆ ಹೊರಗಿನದಲ್ಲ. ಅಲ್ಲಿ ತುಸು ಹೊತ್ತು ನಿಲ್ಲೋಣ. ಅಂದು ಉಳಿಗೆ ಮಣಿದ ಆ ಕಲ್ಲು ಇಂದು ಮೊಳೆಗೂ ಮಣಿಯುತ್ತದೆ. ಕೆತ್ತಿದ ಅಕ್ಷರದಂತೆ ಗೀಚಿದ ಹೆಸರೂ ಅದರಲ್ಲಿ ಉಳಿದುಬಿಡುತ್ತದೆ. ಒರೆಸಿದರೆ ಹೋಗದು, ಉಜ್ಜಿದರೆ ಅದರೊಡನೆ ಕಲ್ಲೂ ಸವೆಯುತ್ತದೆ.

ಭೂತಗನ್ನಡಿ ಇದ್ದವರು ತನ್ನಿರಿ. ಭೀಮೆಯ ಒಂದು ಹಿಡಿ ಮರಳನ್ನೂ ತಂದರೆ ಎರಡನ್ನೂ ಹೋಲಿಸಿ ನೋಡೋಣ. ಕೈವಾರದ ಪೆಟ್ಟಿಗೆಯನ್ನು ಮಾತ್ರ ಮನೆಯಲ್ಲಿಯೇ ಇಟ್ಟು ಬನ್ನಿರಿ.