ಎಳವೆಯ ಭಯ ಮತ್ತು ಮಿದುಳು

ಕೇಳುಗರೇ, ನಿಮ್ಮ ಕಾಗದಗಳಲ್ಲಿ ಬಹುಪಾಲು ಒಂದೇ ಅಳಲು: “ಸಿಟ್ಟಿನಲ್ಲಿ ಮಗುವಿಗೆ ಎರಡೇಟು ಹಾಕಿಬಿಟ್ಟೆ, ಅದರ ಮಿದುಳು ಕೆಟ್ಟುಹೋಯಿತೇ?” ಇಲ್ಲ. ಹೊಡೆಯುವುದನ್ನು ನಾನು ಒಪ್ಪುವವನಲ್ಲ. ಆದರೆ ಒಂದು ದಿನದ ಸಿಟ್ಟಿಗೂ ವರ್ಷಗಟ್ಟಲೆ ಹೆದರಿ ಬೆಳೆಯುವುದಕ್ಕೂ ಅಜಗಜಾಂತರ. ನಾನು ಹೇಳುತ್ತಿರುವುದು ಎರಡನೆಯದನ್ನು.

ಭಯವಾದಾಗ ರಕ್ತದಲ್ಲಿ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನ್ ಏರುತ್ತದೆ. ಏರಿದ್ದು ಇಳಿಯುವುದು ಹೇಗೆ? ಇದನ್ನು ಯಾರೂ ಕೇಳುವುದಿಲ್ಲ. ಟ್ಯಾಂಕು ತುಂಬಿದಾಗ ನೀರೇ ಚೆಂಡನ್ನು ಎತ್ತಿ ವಾಲ್ವ್ ಮುಚ್ಚಿಸುತ್ತದಲ್ಲ, ಹಾಗೆ. ಏರಿದ ಕಾರ್ಟಿಸಾಲೇ ಮಿದುಳಿನ ಹಿಪ್ಪೊಕ್ಯಾಂಪಸ್ ಎಂಬ ಭಾಗವನ್ನು ತಲುಪಿ, ಅಲ್ಲಿನ ಗ್ರಾಹಕಗಳನ್ನು ಹಿಡಿದು, ಸಾಕು ಎನ್ನಿಸುತ್ತದೆ. ಗ್ರಾಹಕ ಕಡಿಮೆಯಿದ್ದರೆ ‘ಸಾಕು’ ಮುಟ್ಟುವುದು ತಡ.

ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಮೀನಿಯವರ ತಂಡ ಇಲಿಗಳಲ್ಲಿ ಕಂಡದ್ದು ಇದನ್ನೇ. ತಾಯಿ ಹೆಚ್ಚು ನೆಕ್ಕಿ ಬೆಳೆಸಿದ ಮರಿಗೆ ಈ ಗ್ರಾಹಕ ಹೆಚ್ಚು, ಅಷ್ಟಾಗಿ ನೆಕ್ಕಿಸಿಕೊಳ್ಳದ್ದಕ್ಕೆ ಕಡಿಮೆ. “ಅದು ವಂಶದ ಗುಣ ಸ್ವಾಮಿ” ಎನ್ನುವವರು ಇದ್ದೇ ಇರುತ್ತಾರೆ. ಅದಕ್ಕೇ ಮರಿಗಳನ್ನು ಹುಟ್ಟಿದ ಕೂಡಲೇ ಅದಲುಬದಲು ಮಾಡಿ ನೋಡಿದರು. ಮರಿ ಸಾಕಿದವಳ ದಾರಿ ಹಿಡಿಯಿತು, ಹೆತ್ತವಳದ್ದಲ್ಲ. 2004ರಲ್ಲಿ ಒಳಗಿನ ಕಾರಣವನ್ನೂ ಪ್ರಕಟಿಸಿದರು: ಅಷ್ಟಾಗಿ ನೆಕ್ಕಿಸಿಕೊಳ್ಳದ ಮರಿಗಳಲ್ಲಿ ಆ ಗ್ರಾಹಕದ ಜೀನಿಗೆ ಮೀಥೈಲ್ ಎಂಬ ಪುಟ್ಟ ರಾಸಾಯನಿಕ ತುಣುಕು ಹೆಚ್ಚಾಗಿ ಅಂಟಿ, ಅದರ ಕೆಲಸ ಮಂದವಾಗಿತ್ತು. ಜೀನ್ ಅದೇ, ಕೆಲಸವಷ್ಟೇ ಕಮ್ಮಿ. ಇಲಿಯ ಲೆಕ್ಕ ಮನುಷ್ಯನಿಗೆ ಇದ್ದಹಾಗೇ ಹೊಂದದು, ನಿಜ. ಆದರೂ ಇಷ್ಟು ಹೇಳುತ್ತೇನೆ: ತೊಂದರೆ ಭಯ ಬರುವುದರಲ್ಲಷ್ಟೇ ಇಲ್ಲ, ಬಂದ ಭಯ ಇಳಿಯದಿರುವುದರಲ್ಲಿದೆ.

ಕುಡಿದು ಬಡಿಯುವ ಅಪ್ಪನ ಮನೆಯಲ್ಲಿ ಬೆಳೆದ ಒಬ್ಬರು ನನ್ನಲ್ಲಿಗೆ ಬರುತ್ತಿದ್ದರು. ಒಮ್ಮೆ ಹೊರಗೆ ಯಾರದೋ ಕೈಯಿಂದ ಸ್ಟೀಲ್ ತಟ್ಟೆ ಜಾರಿ ಠಣ್ ಎಂದಿತು. ನಾನೂ ಬೆಚ್ಚಿದೆ, ಮರುಕ್ಷಣ ಮರೆತೆ. ಅವರ ಕೈ ಮಾತ್ರ ಅವರು ಹೊರಟು ನಿಲ್ಲುವವರೆಗೂ ನಡುಗುತ್ತಲೇ ಇತ್ತು. ಮನೆಯವರು ಇದನ್ನು ಪುಕ್ಕಲುತನ ಎನ್ನುತ್ತಿದ್ದರಂತೆ! ನನಗೆ ರೇಗುವುದೇ ಇಲ್ಲಿ. ರೇಗಿಸುವ ಇನ್ನೊಂದು ಮಾತು, “ಎಳೇ ಕೂಸು, ಅದಕ್ಕೇನು ನೆನಪಿರುತ್ತೆ?” ಇಲಿಮರಿಗೆ ಏನು ನೆನಪಿತ್ತು ಹೇಳಿ!

ಹಾಗೆಂದು ಎಲ್ಲ ಮುಗಿದುಹೋಯಿತು ಎಂದುಕೊಳ್ಳಬೇಡಿ. ರೊಮೇನಿಯಾದ ಬುಕಾರೆಸ್ಟ್‌ನಲ್ಲಿ ಸಂಶೋಧಕರು ಅನಾಥಾಲಯಗಳ 136 ಮಕ್ಕಳಲ್ಲಿ ಅರ್ಧದಷ್ಟು ಮಂದಿಯನ್ನು ಸಾಕುಮನೆಗಳಿಗೆ ಕಳಿಸಿ ನೋಡಿದ್ದಾರೆ. ಹೋದವರು ಎಷ್ಟೋ ಚೇತರಿಸಿಕೊಂಡರು, ಎರಡು ವರ್ಷ ತುಂಬುವುದರೊಳಗೆ ಹೋದವರು ಇನ್ನೂ ಚೆನ್ನಾಗಿ.

ಸಮಯವಾಯಿತೆಂದು ಗಾಜಿನಾಚೆಯಿಂದ ಕೈಸನ್ನೆ ಬರುತ್ತಿದೆ. ಸಲಹೆ ಚುಟುಕಾಗಿ: ರೇಗಿದ್ದಾದ ಮೇಲೆ ಮಗುವನ್ನು ಹತ್ತಿರ ಕರೆದು, ಅದರ ಬಿಕ್ಕಳಿಕೆ ನಿಲ್ಲುವವರೆಗೆ ಜೊತೆಗಿರಿ. ದೊಡ್ಡವರಾದ ಮೇಲೂ ಈ ನಡುಕ ಬಿಡದವರು ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಖರ್ಚಿಲ್ಲ, ಕನ್ನಡದಲ್ಲೇ ಮಾತಾಡಬಹುದು.