ಎಲೆಯಡಿಕೆಯ ಸಂಚಿ



ನಿಮ್ಮ ಮನೆಯ ಅಟ್ಟದ ಮೇಲೋ ಹಳೆಯ ಟ್ರಂಕಿನ ತಳದಲ್ಲೋ ಅಜ್ಜಿಯ ಕಾಲದ ಎಲೆಯಡಿಕೆ ಚೀಲವೊಂದು ಇರಬಹುದು. ಅದನ್ನು ನೀವು ಏನೆಂದು ಕರೆಯುತ್ತೀರಿ? ಕನ್ನಡದಲ್ಲಿ ಅದು ಸಂಚಿ, ಮರಾಠಿಯಲ್ಲಿ ಚಂಚಿ. ತೆಲುಗಿನಲ್ಲೂ ಮಲಯಾಳದಲ್ಲೂ ಸಂಚಿ ಎಂಬ ಮಾತು ಯಾವ ಚೀಲಕ್ಕಾದರೂ ಸಲ್ಲುತ್ತದೆ. ಗಡಿಯ ಕಲ್ಲು ನೆಡುವ ಮೊದಲೇ ಈ ಮಾತು ಊರೂರು ಸುತ್ತಿ ಬಂದಿದೆ.

ಸಂಚಿಯನ್ನೊಮ್ಮೆ ಬಿಚ್ಚಿ ನೋಡಿ. ಒಂದರ ಹಿಂದೊಂದು ಅರೆಗಳು. ಸುಮ್ಮನೆ ಹೊಲಿದದ್ದಲ್ಲ ಅದು. ಎಲೆಗೆ ತಂಪು ಬೇಕು, ಇಲ್ಲವಾದರೆ ಬಾಡುತ್ತದೆ. ಅಡಿಕೆಗೆ ತಂಪು ತಗಲಬಾರದು, ಬೂಷ್ಟು ಹಿಡಿಯುತ್ತದೆ. ಸುಣ್ಣವಂತೂ ಎಲೆಯನ್ನೂ ಸುಟ್ಟೀತು, ಬಟ್ಟೆಯನ್ನೂ ತಿಂದೀತು. ಅದಕ್ಕೇ ಅದಕ್ಕೊಂದು ಲೋಹದ ಡಬ್ಬಿ. ಒಂದಕ್ಕೊಂದು ಆಗದವರನ್ನು ಒಂದೇ ಮನೆಯಲ್ಲಿ ಬೇರೆಬೇರೆ ಕೋಣೆಯಲ್ಲಿಟ್ಟು ಬಾಳಿಸಿದ ಹಾಗೆ! ಬಾಯಿಗೆ ಎರಡು ದಾರ. ಎಳೆದು ಸೊಂಟಕ್ಕೆ ಸಿಕ್ಕಿಸಿದರೆ ಸಂತೆಗೂ ಸೈ, ಜಾತ್ರೆಗೂ ಸೈ.

ಇದಕ್ಕಿಂತ ಹಳೆಯ ಹೆಸರು ಹಡಪ. ತೆಲುಗಿನವರು ಅಡಪ ಎಂದರು, ತಮಿಳರು ಅಡೈಪ್ಪೈ ಎಂದರು. ದೊರೆಗಳ ಹಡಪವನ್ನು ಹೊತ್ತವರು ಸದಾ ಅವರ ಪಕ್ಕದಲ್ಲೇ ನಿಲ್ಲಬೇಕು. ಯೋಚಿಸಿ, ದೊರೆಯ ಬಾಯಿಗೆ ನೇರವಾಗಿ ಹೋಗುವ ವಸ್ತು ಅವರ ಕೈಯಲ್ಲಿ! ವಿಷ ಹಾಕುವುದು ಎಷ್ಟು ಹೊತ್ತಿನ ಕೆಲಸ? ಆದ್ದರಿಂದ ಆ ಚೀಲದಲ್ಲಿ ಎಲೆ ಅಡಿಕೆಗಿಂತ ಮೊದಲು ಇರಬೇಕಾದದ್ದು ನಂಬಿಕೆ.

12ನೆಯ ಶತಮಾನದ ಶರಣ ಹಡಪದ ಅಪ್ಪಣ್ಣನವರು ಬಸವಣ್ಣನವರ ಆಪ್ತರು. ಹಡಪ ಹಿಡಿಯುವುದೇ ಅವರ ಕಾಯಕ, ಅದೇ ಅವರ ಹೆಸರಿನ ಮುಂದೆ ನಿಂತಿತು. ಅವರೂ ಅವರ ಮಡದಿ ಲಿಂಗಮ್ಮನವರೂ ವಚನಗಳನ್ನು ಬರೆದರು. ಕ್ಷೌರಿಕರ ಕತ್ತಿಯ ಚೀಲಕ್ಕೂ ಹಡಪವೆಂದೇ ಹೆಸರು. ಆ ಕಸುಬಿನ ಹಡಪದ ಸಮಾಜದವರು ಅಪ್ಪಣ್ಣನವರನ್ನು ತಮ್ಮ ಹಿರಿಯರೆಂದು ಗೌರವಿಸುತ್ತಾರೆ.

ವಿಜಯನಗರದ ಮಾತು ಕೇಳಿ. 1520ರಲ್ಲಿ ಕೃಷ್ಣದೇವರಾಯ ರಾಯಚೂರಿನ ಮೇಲೆ ದಂಡೆತ್ತಿ ಹೋದಾಗ ಯಾರ ಹಿಂದೆ ಎಷ್ಟು ಪಡೆ ಇತ್ತೆಂದು ಪೋರ್ಚುಗೀಸರ ನೂನಿಜ್ ಪಟ್ಟಿ ಮಾಡಿದ್ದಾನೆ. ರಾಯನಿಗೆ ವೀಳ್ಯ ಕೊಡುವ ಊಳಿಗದವನ ಹಿಂದೆ 15,000 ಕಾಲಾಳು, 200 ಕುದುರೆ! ವೀಳ್ಯ ಕೊಡುವ ಕೈಗೆ ಅಷ್ಟು ಬೆಲೆ.

ಮೈಸೂರಿನಲ್ಲಿ 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಸಂಚಿ ಹಿಡಿದು ನಿಂತವಳು ಹೊನ್ನಮ್ಮ. ಸಂಚಿಯ ಹೊನ್ನಮ್ಮನೆಂದೇ ಹೆಸರಾದಳು. ಸೇವೆಯ ನಡುವೆ ಕೇಳಿ ಕಲಿತು, ಸಾಂಗತ್ಯದಲ್ಲಿ ‘ಹದಿಬದೆಯ ಧರ್ಮ’ ಬರೆದಳು. ಹೆಣ್ಣೆಂದು ಹೀಗಳೆಯುವವರನ್ನು ಅದರಲ್ಲೇ ನೇರವಾಗಿ ಪ್ರಶ್ನಿಸಿದಳು. ಆ ಕಾಲದ ಎಷ್ಟೋ ದೊಡ್ಡ ಅಧಿಕಾರಿಗಳ ಹೆಸರು ನಮಗೆ ನೆನಪಿಲ್ಲ. ಚೀಲ ಹಿಡಿದವಳ ಹೆಸರು ಉಳಿಯಿತು.

ಹಾಗೆಂದು ಎಲೆಯಡಿಕೆ ಜಗಿಯಿರಿ ಎಂದು ನಾನು ಹೇಳುತ್ತಿಲ್ಲ. ಹೊಗೆಸೊಪ್ಪು ಇಲ್ಲದಿದ್ದರೂ ಎಲೆಯಡಿಕೆಯಿಂದ ಬಾಯಿಯ ಕ್ಯಾನ್ಸರ್ ಬರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಪ್ರಕಟಿಸಿದೆ. ಚಟ ಹೋಗಲಿ, ಸಂಚಿ ಇರಲಿ. ಹಳೆಯ ಬಟ್ಟೆಯೆಂದು ಒಲೆಗೆ ಹಾಕಬೇಡಿ. ಮನೆಯ ಹಿರಿಯರನ್ನು ಕೂರಿಸಿಕೊಂಡು ಕೇಳಿ: ಯಾರು ಹೊಲಿದದ್ದು, ಯಾವ ಅರೆಯಲ್ಲಿ ಏನಿಡುತ್ತಿದ್ದರು, ಆ ಅರೆಗೆ ಏನು ಹೆಸರು? ಕನ್ನಡದ ಹೆಸರನ್ನೂ ನೆರೆಯ ಭಾಷೆಯ ಹೆಸರನ್ನೂ ಒಂದು ಚೀಟಿಯಲ್ಲಿ ಬರೆದು ಅದರೊಳಗೇ ಇಡಿ. ಎರಡು ಭಾಷೆಯ ಮನೆಗಳಲ್ಲಿ ಬೆಳೆದ ನಮಗೆ ಆ ಎರಡೂ ಹೆಸರು ನಮ್ಮವೇ. ಹೇಳಬಲ್ಲ ಹಿರಿಯರು ಇರುವಾಗಲೇ ಈ ಕೆಲಸ ಆಗಲಿ.