ಮೂರನೆಯ ರಾಜೀನಾಮೆ

1988ರಲ್ಲಿ ತೆಂಗಿನ ಸೀಮೆಯ ಬಿಳಿಗೆರೆ ಸುತ್ತಿನ ಹಳ್ಳಿಗಳಲ್ಲಿ ಫೋನಿರುವ ಮನೆ ಅಪರೂಪ. ದೂರದ ಊರಿಗೆ ಮಾತಾಡಬೇಕೆಂದರೆ ಟ್ರಂಕ್ ಕಾಲ್ ಬುಕ್ ಮಾಡಿ ಕಾಯಬೇಕು. ಕೊಬ್ಬರಿ ದರದ ಮಾತು ಎಕ್ಸ್‌ಚೇಂಜಿನವರ ಕಿವಿಗೂ ಬಿದ್ದೀತು ಎಂಬ ಅಳುಕು ವ್ಯಾಪಾರದವರಿಗೆ ಇದ್ದೇ ಇತ್ತು. ಅದೇ ವರ್ಷ ಬೆಂಗಳೂರಿನಲ್ಲಿ ಫೋನಿನ ಮಾತೇ ಒಬ್ಬ ಮುಖ್ಯಮಂತ್ರಿಯ ಕುರ್ಚಿ ಕಳೆಯಿತು.

ರಾಮಕೃಷ್ಣ ಹೆಗಡೆ ಸಿದ್ದಾಪುರ ತಾಲ್ಲೂಕಿನ ದೊಡ್ಮನೆಯವರು. 1983ರ ಜನವರಿಯಲ್ಲಿ ರಾಜ್ಯದ ಮೊದಲ ಕಾಂಗ್ರೆಸ್ಸೇತರ ಮುಖ್ಯಮಂತ್ರಿಯಾದರು. ಲೋಕಾಯುಕ್ತ ಬಂದದ್ದು ಅವರ ಕಾಲದಲ್ಲಿ. ಸಚಿವ ನಜೀರ್ ಸಾಬ್ ಜೊತೆ ಸೇರಿ ತಂದ ಮಂಡಲ ಪಂಚಾಯ್ತಿಗಳಿಗೆ 1987ರಲ್ಲಿ ಚುನಾವಣೆ ನಡೆದಾಗ ತೆಂಗಿನ ಸೀಮೆಯ ಹಳ್ಳಿಗಳಿಗೂ ಅಧಿಕಾರದ ರುಚಿ ಹತ್ತಿತು.

ರಾಜೀನಾಮೆ ಕೊಡುವುದರಲ್ಲೂ ಹೆಗಡೆಯವರದು ಪಳಗಿದ ಕೈ. 1984ರ ಲೋಕಸಭಾ ಚುನಾವಣೆಯಲ್ಲಿ ಪಕ್ಷಕ್ಕೆ 28ರಲ್ಲಿ ನಾಲ್ಕೇ ಸ್ಥಾನ ಬಂದಾಗ ಕುರ್ಚಿ ಬಿಟ್ಟು ಜನರ ಮುಂದೆ ಹೋದರು. ಜನ 139 ಶಾಸಕರನ್ನು ಕೊಟ್ಟು ಕಳಿಸಿದರು. 1986ರಲ್ಲಿ ಸಾರಾಯಿ ಬಾಟ್ಲಿಂಗ್ ಗುತ್ತಿಗೆಯ ಬಗ್ಗೆ ಹೈಕೋರ್ಟು ಚುಚ್ಚಿದಾಗ ಮತ್ತೆ ರಾಜೀನಾಮೆ; ಮೂರೇ ದಿನಕ್ಕೆ ವಾಪಸು. ಮೌಲ್ಯಾಧಾರಿತ ರಾಜಕಾರಣ ಎಂದು ಹೊಗಳಿದವರೂ ಇದ್ದರು, ನಾಟಕ ಎಂದವರೂ ಇದ್ದರು. ಎರಡೂ ಕಡೆಯವರಿಗೆ ಅರ್ಧರ್ಧ ಸತ್ಯ ಸಿಕ್ಕಿತ್ತು ಅನ್ನಬೇಕು.

ಮೂರನೆಯ ಸಲ ಆಟ ಬೇರೆಯಾಯಿತು. ಹೆಗಡೆಯವರದೇ ಪಕ್ಷದ ದೇವೇಗೌಡರು ದೆಹಲಿಯ ನಾಯಕ ಅಜಿತ್ ಸಿಂಗ್ ಜೊತೆ ಫೋನಿನಲ್ಲಿ ಆಡಿದ ಮಾತು ಪತ್ರಿಕೆಯಲ್ಲಿ ಅಚ್ಚಾಯಿತು. ವಿರೋಧಿಗಳಷ್ಟೇ ಅಲ್ಲ, ಸ್ವಪಕ್ಷದವರ ಫೋನುಗಳಿಗೂ ಹೆಗಡೆ ಸರ್ಕಾರ ಕಿವಿಗೊಟ್ಟಿದೆ ಎಂಬ ಆರೋಪ ಎದ್ದಿತು. ಸುಬ್ರಮಣಿಯನ್ ಸ್ವಾಮಿ ಅದನ್ನು ದೇಶಕ್ಕೆಲ್ಲ ಸಾರಿದರು. 1885ರ ಟೆಲಿಗ್ರಾಫ್ ಕಾಯ್ದೆಯ ಪ್ರಕಾರ ಸಾರ್ವಜನಿಕ ತುರ್ತು ಅಥವಾ ಸುರಕ್ಷತೆಯ ಕಾರಣವಿಲ್ಲದೆ ಸರ್ಕಾರ ಯಾರ ಮಾತನ್ನೂ ಕದ್ದಾಲಿಸುವಂತಿರಲಿಲ್ಲ. ಪಕ್ಷದೊಳಗಿನ ಗುಂಪುಗಾರಿಕೆ ಆ ತುರ್ತಿನ ಲೆಕ್ಕಕ್ಕೆ ಬರುವುದು ಹೇಗೆ? 1988ರ ಆಗಸ್ಟ್ 10ರಂದು ನೈತಿಕ ಹೊಣೆ ಹೊತ್ತು ಹೆಗಡೆ ಕೆಳಗಿಳಿದರು, ಅವರ ಜಾಗಕ್ಕೆ ಬೊಮ್ಮಾಯಿ ಬಂದರು. ಹೆಗಡೆ ಮತ್ತೆಂದೂ ಮುಖ್ಯಮಂತ್ರಿ ಆಗಲಿಲ್ಲ.

ದೆಹಲಿಯಲ್ಲಿ ಯೋಜನಾ ಆಯೋಗದ ಉಪಾಧ್ಯಕ್ಷರಾದರು. ಅವರ ಮೇಲಿನ ಆರೋಪಗಳ ತನಿಖೆ ನಡೆಸಿದ ಕುಲದೀಪ್ ಸಿಂಗ್ ಆಯೋಗದ ವರದಿ ಬಂದ ಮೇಲೆ ಅದನ್ನೂ ಬಿಡಬೇಕಾಯಿತು. 1991ರಲ್ಲಿ ಬಾಗಲಕೋಟೆಯಿಂದ ಲೋಕಸಭೆಗೆ ನಿಂತರೆ, ಕೃಷ್ಣಾ ನದಿಗೆ ರೈತರಿಂದಲೇ ಬ್ಯಾರೇಜು ಕಟ್ಟಿಸಿದ್ದ ಸಿದ್ದು ನ್ಯಾಮಗೌಡರು ಸೋಲಿಸಿದರು. ಅಧಿಕಾರ ಹಳ್ಳಿಗೆ ಹೋಗಲಿ ಎಂದವರನ್ನು ಹಳ್ಳಿಯ ಕೆಲಸವೇ ಹಿಂದಿಕ್ಕಿತು.

1996ರಲ್ಲಿ ದೇವೇಗೌಡರು ಪ್ರಧಾನಿಯಾದರು. ಇಬ್ಬರ ಪಕ್ಷವೂ ಆಗಿದ್ದ ಜನತಾದಳ ಹೆಗಡೆಯವರನ್ನು ಉಚ್ಚಾಟಿಸಿತು. ಅದೇ ವರ್ಷದ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಫೋನ್ ಕದ್ದಾಲಿಕೆಗೆ ಗೃಹ ಕಾರ್ಯದರ್ಶಿಯ ಆದೇಶ ಬೇಕು, ಆ ಆದೇಶವನ್ನು ಪರಿಶೀಲನಾ ಸಮಿತಿ ಎರಡು ತಿಂಗಳೊಳಗೆ ನೋಡಬೇಕು ಎಂದು ವಿಧಿಸಿತು. ಹೆಗಡೆ ಲೋಕಶಕ್ತಿ ಪಕ್ಷ ಕಟ್ಟಿ, 1998ರಲ್ಲಿ ವಾಜಪೇಯಿ ಸಂಪುಟದಲ್ಲಿ ವಾಣಿಜ್ಯ ಸಚಿವರಾಗಿ, 2004ರ ಜನವರಿ 12ರಂದು ತೀರಿಕೊಂಡರು.